ಇಲಿ ನುಸುಳದ ಮನೆ

ಶಿವಾಜಿನಗರದ ಬಸ್ ನಿಲ್ದಾಣದಿಂದ ತುಸು ದೂರದ ಓಣಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಅಗಲ ಎಂಟಡಿ ಇದ್ದರೆ ಹೆಚ್ಚು. ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ನಾಲ್ಕರಲ್ಲೂ ಅಲ್ಲಿ ಲಗ್ನಪತ್ರಿಕೆ ಅಚ್ಚಾಗುತ್ತದೆ. ಬಾಡಿಗೆ ಕರಾರು, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ, ಆಧಾರ್ ಪ್ರತಿ, ಶ್ರದ್ಧಾಂಜಲಿಯ ಬ್ಯಾನರ್, ಎಲ್ಲಕ್ಕೂ ಅದೇ ಒಂದು ಕಂಪ್ಯೂಟರು. ಕಳೆದ ಸೋಮವಾರ ನಾನೂ ಒಂದು ಅರ್ಜಿಯನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಸಾಲಿನಲ್ಲಿ ನಿಂತೆ. ನನ್ನ ಮುಂದೆ ನರ್ಸಿಂಗ್ ಓದುವ ಒಬ್ಬ ಹುಡುಗಿ, ರಸೆಲ್ ಮಾರ್ಕೆಟ್ಟಿನ ಒಬ್ಬ ಹಣ್ಣಿನ ವ್ಯಾಪಾರಿ, ಮಗಳ ಮದುವೆಯ ಕರೆಯೋಲೆಯ ಕರಡು ಹಿಡಿದ ಒಬ್ಬ ಆಟೋ ಚಾಲಕರು. ಎಲ್ಲರ ಕೈಯಲ್ಲೂ ಹೆಬ್ಬೆರಳಿನಷ್ಟು ಉದ್ದದ ಒಂದೊಂದು ಪೆನ್ ಡ್ರೈವ್.

ನನ್ನ ಸರದಿ ಬಂತು. ಪೆನ್ ಡ್ರೈವ್ ಚುಚ್ಚಿದ ಕೂಡಲೆ ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ಮೂಡಿತು. ಅಂಗಡಿಯ ಹುಡುಗ ಅದನ್ನು ಓದಲಿಲ್ಲ, ಗುಂಡಿ ಒತ್ತಿ ಅಳಿಸಿದ. ಏನದು ಎಂದು ಕೇಳಿದೆ. "ವೈರಸ್ ಐತೆ ಅಂತ ದಿನಕ್ಕೆ ನೂರು ಸಲ ಹೇಳ್ತದೆ ಸಾರ್. ಎಲ್ಲದಕ್ಕೂ ಸ್ಕ್ಯಾನ್ ಅಂತ ನಿಂತ್ರೆ ಗಿರಾಕಿ ನಿಲ್ಲಲ್ಲ" ಎಂದ. ಹಿಂದೆ ನಿಂತವರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವನ ಮಾತು ಸುಳ್ಳಲ್ಲ ಅನ್ನಿಸಿ ಸುಮ್ಮನಾದೆ.

ಮನೆಗೆ ಬಂದು ಪೆನ್ ಡ್ರೈವ್ ತೆರೆದರೆ ನನ್ನ ನಾಲ್ಕು ಫೋಲ್ಡರುಗಳೂ ಹೆಸರು ಉಳಿಸಿಕೊಂಡಿದ್ದವು, ಆದರೆ ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ಬಾಣದ ಗುರುತು. ಕಂಪ್ಯೂಟರು ಬಲ್ಲವರು ಇದನ್ನು ಶಾರ್ಟ್‌ಕಟ್ ವೈರಸ್ ಎನ್ನುತ್ತಾರೆ. ಅದು ನಮ್ಮ ನಿಜವಾದ ಫೋಲ್ಡರನ್ನು ಕಣ್ಣಿಗೆ ಕಾಣದಂತೆ ಮರೆಮಾಡಿ, ಅದೇ ಹೆಸರಿನ ಒಂದು ಹುಸಿಬಾಗಿಲನ್ನು ಅಲ್ಲಿ ನಿಲ್ಲಿಸುತ್ತದೆ. ನಾವು ಆ ಬಾಗಿಲು ತಟ್ಟಿದರೆ ಮೊದಲು ಅದರ ಕೆಲಸ ನಡೆಯುತ್ತದೆ, ಆಮೇಲೆ ನಮ್ಮ ಫೋಲ್ಡರು ಎಂದಿನಂತೆ ತೆರೆದುಕೊಳ್ಳುತ್ತದೆ. ಎಲ್ಲವೂ ಸರಿಯಿದೆ ಎಂದುಕೊಂಡು ನಾವು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಆ ಹೊತ್ತಿಗೆ ಅದು ನಮ್ಮ ಕಂಪ್ಯೂಟರಿನಲ್ಲಿ ಕೂತಿರುತ್ತದೆ, ಮುಂದೆ ಅಲ್ಲಿಗೆ ಬರುವ ಪ್ರತಿ ಪೆನ್ ಡ್ರೈವಿಗೂ ಹತ್ತಿಕೊಳ್ಳುತ್ತದೆ. ನನ್ನ ಮನೆಯ ಕಂಪ್ಯೂಟರಿನ ಆಂಟಿವೈರಸ್ ಅದನ್ನು ಹೊಸ್ತಿಲಲ್ಲೇ ಹಿಡಿಯಿತು. ಫೋಲ್ಡರುಗಳೂ ಸಿಕ್ಕವು. ನನಗೆ ನಷ್ಟವೇನೂ ಆಗಲಿಲ್ಲ.

ಆದರೂ ಮನಸ್ಸು ಆ ಸಾಲಿನಲ್ಲಿದ್ದವರ ಹಿಂದೆ ಹೋಯಿತು. ಆ ಹುಡುಗಿಯ ಪೆನ್ ಡ್ರೈವ್ ಈಗ ಹಲಸೂರಿನ ಯಾವುದೋ ಹಾಸ್ಟೆಲಿನಲ್ಲಿ ನಾಲ್ಕು ಗೆಳತಿಯರ ಲ್ಯಾಪ್‌ಟಾಪಿಗೆ ಹೋಗಿರಬಹುದು. ವ್ಯಾಪಾರಿಯ ಪೆನ್ ಡ್ರೈವ್ ಅವರ ಲೆಕ್ಕಿಗರ ಮೇಜಿಗೆ ತಲುಪಿರಬಹುದು. ಆ ಲೆಕ್ಕಿಗರ ಬಳಿ ಇನ್ನೆಷ್ಟು ಜನರ ಲೆಕ್ಕವಿದೆಯೋ. ಒಂದು ಗುಂಡಿ ಒತ್ತಿ ಅಳಿಸಿದ ಕೆಂಪು ಚೌಕ ಸಂಜೆಯ ಹೊತ್ತಿಗೆ ಎಷ್ಟು ಬೀದಿ ದಾಟಿತು!

ಈ ಬೀದಿಗಳಿಗೆ ಇಂಥ ದಾಟುವಿಕೆಯ ನೆನಪು ಹಳೆಯದು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಮುಂಬಯಿಯಲ್ಲಿ ಎರಡು ವರ್ಷ ಮೊದಲೇ ಕಾಣಿಸಿಕೊಂಡಿದ್ದ ರೋಗ ಹುಬ್ಬಳ್ಳಿಯ ಕಡೆಯಿಂದ ರೈಲು ಹಾದಿ ಹಿಡಿದು ಊರು ಸೇರಿತು, ಬೇಗನೆ ದಂಡಿನ ಪ್ರದೇಶಕ್ಕೂ, ಅಂದರೆ ಕಂಟೋನ್ಮೆಂಟಿಗೂ ಹಬ್ಬಿತು. ಇಂದಿನ ಶಿವಾಜಿನಗರವನ್ನು ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. ಗೋಡೆಗೆ ಗೋಡೆ ಅಂಟಿದ ಇಕ್ಕಟ್ಟಿನ ಮನೆಗಳು. ಆ ದಿನಗಳ ಭಯದಲ್ಲಿ ಹುಟ್ಟಿದ ಪ್ಲೇಗ್ ಮಾರಮ್ಮನ ಗುಡಿಗಳು ಈ ಊರಿನಲ್ಲಿ ಇಂದಿಗೂ ಇವೆ.

ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯರ್ಸಿನ್ ಹಾಂಕಾಂಗಿನಲ್ಲಿ ಕಂಡುಹಿಡಿದದ್ದು 1894ರಲ್ಲಿ. ಅಂದರೆ ನಮ್ಮೂರಿಗೆ ರೋಗ ಬರುವಾಗ ಅದರ ಮುಖ ಗೊತ್ತಿತ್ತು, ಅದು ನಡೆದು ಬರುವ ದಾರಿ ಮಾತ್ರ ಗೊತ್ತಿರಲಿಲ್ಲ. ಇಲಿಯ ಮೈಮೇಲಿನ ಚಿಗಟ ಅದನ್ನು ಹೊತ್ತು ತರುತ್ತದೆ ಎಂದು ಪಾಲ್ ಲೂಯಿ ಸಿಮಾಂ ಕರಾಚಿಯಲ್ಲಿ ತೋರಿಸಿಕೊಟ್ಟದ್ದು ಅದೇ 1898ರಲ್ಲಿ, ಆ ಮಾತನ್ನು ಜಗತ್ತು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅಧಿಕಾರಿಗಳು ತೋಚಿದ್ದನ್ನೆಲ್ಲ ಮಾಡಿದರು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ, ಅನುಮಾನ ಬಂದವರನ್ನು ಬೇರೆ ಇರಿಸುವ ಅಧಿಕಾರ ಕೊಟ್ಟಿತ್ತು. ಊರ ಹೊರಗೆ ಶಿಬಿರಗಳೆದ್ದವು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರು ಸರ್ಕಾರದ ವೈದ್ಯಸೇವೆಗೆ ಬಂದಿದ್ದ ಡಾಕ್ಟರ್ ಪಲ್ಪು ಅಂಥ ಶಿಬಿರದಲ್ಲಿ ಸಾವಿನ ನಡುವೆ ನಿಂತು ದುಡಿದರು. ಅವರ ಹೆಸರನ್ನು ಬೆಂಗಳೂರು ಇನ್ನಷ್ಟು ಪ್ರೀತಿಯಿಂದ ನೆನೆಯಬೇಕು.

ಜೆರಾಕ್ಸ್ ಅಂಗಡಿಯಿಂದ ಈಶಾನ್ಯಕ್ಕೆ ನಡೆದರೆ ಫ್ರೇಜರ್ ಟೌನ್ ಸಿಗುತ್ತದೆ, ಈಗಿನ ಪುಲಕೇಶಿನಗರ. ಬಡಾವಣೆ ಹುಟ್ಟಿದ್ದೇ ಆ ಪ್ಲೇಗಿನಿಂದ. ಇಕ್ಕಟ್ಟಿನ ಬ್ಲ್ಯಾಕ್‌ಪಲ್ಲಿಯಿಂದ ಜನರನ್ನು ಬಯಲಿಗೆ ತರಬೇಕೆಂದು 1906ರಲ್ಲಿ ಕೆಲಸ ಆರಂಭವಾಯಿತು. ಆಗ ಬ್ರಿಟಿಷ್ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರ್ ಹೆಸರು ಅದಕ್ಕೆ ಬಂತು. ಮನೆಗೂ ಮನೆಗೂ ನಡುವೆ ಬಯಲು, ಗಾಳಿ, ಬೆಳಕು, ಇಲಿ ಬಿಲ ತೋಡದಂಥ ಗಟ್ಟಿ ನೆಲ, ಇದು ಅಲ್ಲಿನ ಯೋಜನೆಯ ಜೀವಾಳ. ಜೆ. ಎಚ್. ಸ್ಟೀಫನ್ಸ್ ಎಂಬ ಎಂಜಿನಿಯರ್ 1914ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. 'ಪ್ಲೇಗ್ ಪ್ರೂಫ್ ಟೌನ್ ಪ್ಲಾನಿಂಗ್ ಇನ್ ಬ್ಯಾಂಗಲೋರ್' ಎಂದು ಅದರ ಹೆಸರು. ಸ್ಟೀಫನ್ಸ್ ರಸ್ತೆ ಇಂದಿಗೂ ಅಲ್ಲಿದೆ. ನಾನು ಆ ರಸ್ತೆಯಲ್ಲಿ ಹಾದುಹೋಗುವಾಗಲೆಲ್ಲ ಅವರ ಆಲೋಚನೆ ನೆನೆದು ಬೆರಗಾಗುತ್ತೇನೆ. ರೋಗಿಯನ್ನು ಹಿಡಿಯುವುದು, ಶಿಬಿರಕ್ಕೆ ಒಯ್ಯುವುದು, ಲಸಿಕೆ ಚುಚ್ಚುವುದು, ಇವೆಲ್ಲ ಬೇಕು. ಜೊತೆಗೆ ಇಲಿ ನುಸುಳದ ಮನೆಯನ್ನೂ ಕಟ್ಟಬೇಕು ಎಂದು ಅವರು ನಂಬಿದ್ದರು.

ಆಂಟಿವೈರಸ್ ಎಂಬ ಕಾವಲುಗಾರ ಮಾಡುವ ಕೆಲಸವನ್ನು ನಾನು ಅರ್ಥ ಮಾಡಿಕೊಂಡದ್ದು ಈ ಹಳೆಯ ಕತೆಯ ಮೂಲಕವೇ.

ಪ್ಲೇಗ್ ರೈಲು ಹಾದಿಯಲ್ಲಿ ಬಂದಂತೆ ವೈರಸ್ಸಿನಂಥ ಕುತಂತ್ರಾಂಶಕ್ಕೂ ಹಾದಿ ಬೇಕು. ದಂಡಿನ ಪ್ರದೇಶಕ್ಕೆ ಆ ಹಾದಿಗಳು ಬೇಗ ಬಂದವು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆದು ಉಪಗ್ರಹದ ಮೂಲಕ ಹೊರದೇಶಕ್ಕೆ ದತ್ತಾಂಶ ಕಳಿಸುವ ಕಾಲಕ್ಕೆ ನಾಂದಿ ಹಾಡಿತು. ಅದರ ಮರುವರ್ಷ, 1986ರಲ್ಲಿ, ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೇನ್' ಎಂಬ ವೈರಸ್ ಫ್ಲಾಪಿಗಳಲ್ಲಿ ಕೂತು ಕಡಲು ದಾಟಿತು. ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರುಗಳಿಗೆ ಹತ್ತಿದ ಮೊದಲ ವೈರಸ್ ಅದೇ. 1996ರ ಜುಲೈನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಬಾಗಿಲು ತೆರೆದದ್ದು ಸೈಬರ್ ಕೆಫೆಯಾಗಿ, ಕಾಫಿಯ ಜೊತೆ ಇಂಟರ್ನೆಟ್. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ತಲೆಬರಹದ ಇಮೇಲ್ ಜಗತ್ತನ್ನೆಲ್ಲ ಸುತ್ತಿತು. ಪ್ರೀತಿಯ ಓಲೆ ಎಂದು ತೆರೆದವರ ವಿಳಾಸಪಟ್ಟಿಯನ್ನೇ ಹಿಡಿದು ಅದು ಅವರ ಬಂಧುಬಳಗಕ್ಕೆಲ್ಲ ತನ್ನ ಪ್ರತಿ ಕಳಿಸಿಕೊಂಡಿತು.

ಇವನ್ನು ಗುರುತಿಸುವುದು ಹೇಗೆ? ವಚನದ ಕೊನೆಯಲ್ಲಿ ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುಗಳದು ಎಂದು ನಾವು ಅಂಕಿತ ನೋಡಿ ಹೇಳುತ್ತೇವೆ. ಹೋಲಿಕೆ ಗುರುತಿಸುವ ರೀತಿಗಷ್ಟೇ. ಪ್ರತಿ ಕುತಂತ್ರಾಂಶದ ಒಳಗೂ ಅದಕ್ಕೇ ವಿಶಿಷ್ಟವಾದ ಒಂದು ಸಂಕೇತಸಾಲು ಇರುತ್ತದೆ. ಆಂಟಿವೈರಸ್ ತಯಾರಿಸುವವರು ಅಂಥ ಲಕ್ಷಾಂತರ ಅಂಕಿತಗಳ ಪಟ್ಟಿ ಇಟ್ಟುಕೊಂಡು, ದಿನದಲ್ಲಿ ಹಲವು ಬಾರಿ ಅದನ್ನು ನಮ್ಮ ಯಂತ್ರಕ್ಕೆ ಕಳಿಸುತ್ತಾರೆ. ನಾವು ಒಂದು ಕಡತ ತೆರೆಯಹೊರಟಾಗ ಕಾರ್ಯಾಚರಣ ವ್ಯವಸ್ಥೆ ಮೊದಲು ಈ ಕಾವಲುಗಾರನನ್ನು ಕೇಳುತ್ತದೆ. ಅವನು ಕಡತವನ್ನು ಪಟ್ಟಿಯೊಡನೆ ಹೋಲಿಸಿ ಸರಿ ಎಂದ ಮೇಲೆಯೇ ಬಾಗಿಲು. ಕ್ಷಣದ ಒಂದು ಚೂರಿನಲ್ಲಿ ಇದೆಲ್ಲ ನಡೆದುಹೋಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಹಲಸೂರು ಮೆಟ್ರೊ ನಿಲ್ದಾಣದಲ್ಲಿ ನಮ್ಮ ಚೀಲ ಎಕ್ಸ್‌ರೇ ಪೆಟ್ಟಿಗೆಯೊಳಗೆ ಹಾದು ಹೊರಬರುವುದನ್ನು ನೆನೆಸಿಕೊಳ್ಳಿ. ರೈಲಿನ ಬಾಗಿಲಿಗಿಂತ ಮೊದಲು ತಪಾಸಣೆಯ ಬಾಗಿಲು.

ಈ ಕಾವಲುಗಾರ ಎಚ್ಚರವಾಗಿದ್ದಾನೋ ಇಲ್ಲವೋ ಎಂದು ನೋಡಲು ಒಂದು ನಿರಪಾಯ ಪರೀಕ್ಷೆಯೂ ಇದೆ. ಯುರೋಪಿನ ಐಕಾರ್ ಸಂಸ್ಥೆಯ ಹೆಸರಿನಲ್ಲಿ 68 ಅಕ್ಷರಗಳ ಒಂದು ಸಾಲನ್ನು ಎಲ್ಲ ತಯಾರಕರೂ ಒಪ್ಪಿಕೊಂಡಿದ್ದಾರೆ. ಆ ಸಾಲು ಯಾರಿಗೂ ಏನೂ ಮಾಡುವುದಿಲ್ಲ. ಆದರೆ ಅದನ್ನು ಕಡತವಾಗಿ ಉಳಿಸಿದರೆ ಸರಿಯಾದ ಆಂಟಿವೈರಸ್ ಕೂಗಿಕೊಳ್ಳಲೇಬೇಕು.

ತೊಂದರೆ ಇರುವುದು ಅಂಕಿತ ಬದಲಿಸುವ ಕಳ್ಳರಲ್ಲಿ. ಕುತಂತ್ರಾಂಶದ ಒಂದಕ್ಷರ ತಿದ್ದಿದರೂ ಸಾಕು, ಅದರ ಗಣಿತದ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಪ್ರತಿ ಮನೆಗೆ ಹೋಗುವಾಗಲೂ ತಾನಾಗಿ ವೇಷ ಬದಲಿಸುವ ವೈರಸ್ಸುಗಳು 1990ರ ಸುಮಾರಿಗೇ ಬಂದಿದ್ದವು. ಇಂದು ದಿನವೊಂದಕ್ಕೆ ಲಕ್ಷಗಳ ಲೆಕ್ಕದಲ್ಲಿ ಹೊಸ ಮಾದರಿಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ಹಳೆಯದರ ಹೊಸ ವೇಷಗಳೇ. ಹಾಗಾಗಿ ಮುಖ ನೋಡುವ ಕಾವಲುಗಾರ ನಡೆ ನೋಡುವುದನ್ನೂ ಕಲಿತ. ಒಂದು ಪ್ರೋಗ್ರಾಂ ಏಕಾಏಕಿ ನಿಮಿಷಕ್ಕೆ ನೂರಾರು ಕಡತ ತೆರೆದು, ಒಂದೊಂದನ್ನೂ ಯಾರಿಗೂ ಓದಲಾಗದ ಗೊಂದಲವಾಗಿ ಮತ್ತೆ ಬರೆಯುತ್ತಿದೆಯೇ? ಹಳೆಯ ಪ್ರತಿಗಳನ್ನೂ ಅಳಿಸುತ್ತಿದೆಯೇ? ಹಾಗಾದರೆ ಅದರ ಹೆಸರೇನೇ ಇರಲಿ, ಅದು ಒತ್ತೆಹಣ ಕೇಳಲು ಬಂದದ್ದು. ಕೆಲವು ಆಂಟಿವೈರಸ್ಸುಗಳು ಅನುಮಾನ ಬಂದ ಕಡತವನ್ನು ಮೊದಲು ಗಾಜಿನ ಕೋಣೆಯಂಥ ಒಂದು ಪ್ರತ್ಯೇಕ ಜಾಗದಲ್ಲಿ ಓಡಲು ಬಿಟ್ಟು, ಅದು ಏನು ಮಾಡುತ್ತದೆಂದು ಹೊರಗೆ ನಿಂತು ನೋಡುತ್ತವೆ. ತಪ್ಪು ಖಚಿತವಾದದ್ದನ್ನು ಹೆಸರು ಬದಲಿಸಿ, ಕೈಕಾಲು ಕಟ್ಟಿ ಕ್ವಾರಂಟೈನ್ ಎಂಬ ಕೋಣೆಯಲ್ಲಿಡುತ್ತವೆ. ಒಂದೇ ಏಟಿಗೆ ಅಳಿಸುವುದಿಲ್ಲ, ಏಕೆಂದರೆ ತೀರ್ಪು ತಪ್ಪಿದ್ದರೆ ಕಡತವನ್ನು ಹಿಂದಿರುಗಿಸಬೇಕಲ್ಲ.

ತೀರ್ಪು ತಪ್ಪುವುದು ಎಲ್ಲಿ ಎಂದು ತಿಳಿಯಲು ನಮ್ಮ ಕನ್ನಡದ್ದೇ ಒಂದು ಉದಾಹರಣೆ ಸಾಕು. ನುಡಿ, ಬರಹದಂಥ ತಂತ್ರಾಂಶ ಏನು ಮಾಡುತ್ತದೆ? ನಾವು ಒತ್ತುವ ಪ್ರತಿ ಕೀಲಿಯನ್ನೂ ನಡುದಾರಿಯಲ್ಲಿ ಹಿಡಿದು, ಅದನ್ನು ಕನ್ನಡದ ಅಕ್ಷರವಾಗಿಸಿ ಮುಂದಕ್ಕೆ ಬಿಡುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶ ಏನು ಮಾಡುತ್ತದೆ? ಅದೂ ಪ್ರತಿ ಕೀಲಿಯನ್ನು ನಡುದಾರಿಯಲ್ಲಿ ಹಿಡಿಯುತ್ತದೆ, ಆಮೇಲೆ ಕಳ್ಳನಿಗೆ ಕಳಿಸುತ್ತದೆ. ಮೊದಲ ಹೆಜ್ಜೆ ಎರಡರದ್ದೂ ಒಂದೇ. ನಮ್ಮ ಭಾಷೆಯ ಅರಿವಿಲ್ಲದ ಕಾವಲುಗಾರ ನಮ್ಮ ಸೇವಕನನ್ನೇ ಕಳ್ಳನೆಂದು ತಿಳಿದರೆ ಆಶ್ಚರ್ಯವಿಲ್ಲ. ಹೀಗೆ ಎರಡು ಸಲ ಸುಳ್ಳು ಕೂಗು ಕೇಳಿದ ಡಿಟಿಪಿಯವನು ಮೂರನೆಯ ಸಲ ನಿಜವಾದ ಕೂಗನ್ನೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಪುಟ ಕಟ್ಟುವ, ಚಿತ್ರ ತಿದ್ದುವ ದುಬಾರಿ ತಂತ್ರಾಂಶಗಳ ಕಳ್ಳಪ್ರತಿಗಳು ಸಣ್ಣ ಅಂಗಡಿಗಳಲ್ಲಿ ಎಷ್ಟೋ ಇವೆ. ಅವನ್ನು ಹಾಕಿಕೊಳ್ಳುವ ಮೊದಲು ಆಂಟಿವೈರಸ್ ನಿಲ್ಲಿಸಿ ಎಂಬ ಸೂಚನೆ ಜೊತೆಗೇ ಬರುತ್ತದೆ. ಬೀಗ ತೆಗೆದಿಟ್ಟು ಬಾ ಎಂದು ಅಪರಿಚಿತನೊಬ್ಬ ಹೇಳಿದರೆ ನಾವು ಒಪ್ಪುತ್ತೇವೆಯೇ? ಇಲ್ಲಿ ಒಪ್ಪಿಬಿಡುತ್ತೇವೆ. ಹೊಟ್ಟೆಪಾಡಿನ ಒತ್ತಡವನ್ನು ನಾನು ಬಲ್ಲೆ, ಆದರೂ ಇದನ್ನು ತಪ್ಪು ಎಂದೇ ಹೇಳಬೇಕು. ಅಂಗಡಿಯವನ ಕಂಪ್ಯೂಟರಿನಲ್ಲಿ ಅವನೊಬ್ಬನ ಬದುಕಷ್ಟೇ ಇರುವುದಿಲ್ಲ, ನೂರಾರು ಗಿರಾಕಿಗಳ ಆಧಾರ್, ಪಾಸ್‌ಬುಕ್ಕು, ಸಹಿ ಎಲ್ಲ ಇರುತ್ತವೆ.

ಇನ್ನು ಬಿಲ ಮುಚ್ಚುವ ಮಾತು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ತನ್ನ ವಿಂಡೋಸ್‌ನ ಒಂದು ಬಿರುಕಿಗೆ ತೇಪೆ ಕೊಟ್ಟಿತು. ಕಚೇರಿಯ ಕಂಪ್ಯೂಟರುಗಳು ಒಂದರೊಡನೊಂದು ಕಡತ ಹಂಚಿಕೊಳ್ಳುವ ಜಾಗದಲ್ಲಿತ್ತು ಆ ಬಿರುಕು. ಅಮೆರಿಕದ ಬೇಹು ಸಂಸ್ಥೆಯೊಂದು ಅದನ್ನು ಗುಟ್ಟಾಗಿ ಬಳಸುತ್ತಿತ್ತು, ಆ ಗುಟ್ಟು ಕಳವಾಗಿ ಏಪ್ರಿಲ್‌ನಲ್ಲಿ ಬಯಲಾಯಿತು. ಮೇ 12ರ ಶುಕ್ರವಾರ 'ವಾನಾಕ್ರೈ' ಹೊರಟಿತು. ಯಾರೂ ಏನನ್ನೂ ಒತ್ತಬೇಕಿರಲಿಲ್ಲ, ಆ ಬಿರುಕಿನ ಮೂಲಕ ಅದು ತಾನಾಗಿ ಯಂತ್ರದಿಂದ ಯಂತ್ರಕ್ಕೆ ಹೊಕ್ಕಿತು. 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು. ಬೀಗ ತೆಗೆಯಲು ಮೊದಲು 300 ಡಾಲರ್ ಬಿಟ್‌ಕಾಯಿನ್‌ನಲ್ಲಿ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು, ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಇಂಗ್ಲೆಂಡಿನ ಮಾರ್ಕಸ್ ಹಚಿನ್ಸ್ ಎಂಬ ತರುಣ ಆ ಕುತಂತ್ರಾಂಶದೊಳಗೆ ಬರೆದಿದ್ದ ಒಂದು ಯಾರದ್ದೂ ಅಲ್ಲದ ಜಾಲವಿಳಾಸವನ್ನು ಕಂಡು ತನ್ನ ಹೆಸರಿಗೆ ನೋಂದಾಯಿಸಿಕೊಂಡ. ಆ ವಿಳಾಸ ಜೀವಂತವಾದ ಕೂಡಲೆ ವಾನಾಕ್ರೈ ಹಬ್ಬುವುದನ್ನು ನಿಲ್ಲಿಸಿತು.

ತೇಪೆ ಬಂದು ಎರಡು ತಿಂಗಳಾಗಿತ್ತು! ಅಪ್‌ಡೇಟ್ ಮಾಡಿ ಎಂದು ಪರದೆಯ ಮೂಲೆಯಲ್ಲಿ ಬಂದ ಚೌಕವನ್ನು 'ಆಮೇಲೆ' ಎಂದು ಒತ್ತಿ ಅಳಿಸಿದ ಯಂತ್ರಗಳಲ್ಲೇ ಅದು ಹೆಚ್ಚಾಗಿ ಹೊಕ್ಕಿತು. ಸ್ಟೀಫನ್ಸ್ ಅವರ ಗಟ್ಟಿ ನೆಲ ಎಂದರೆ ಇದೇ. ಕಾವಲುಗಾರ ಎಷ್ಟೇ ಜಾಣನಿರಲಿ, ಗೋಡೆಯಲ್ಲಿ ಬಿಲವಿದ್ದರೆ ಅವನು ಬಾಗಿಲಲ್ಲಿ ನಿಂತಿರುವಾಗಲೇ ಇಲಿ ಹಿತ್ತಿಲಿನಿಂದ ಬರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಣ್ಣ ಅಂಗಡಿ, ಶಾಲೆ, ಕ್ಲಿನಿಕ್ಕುಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಯಂತ್ರಗಳ ಬಗ್ಗೆ ನನಗಿರುವ ಆತಂಕ ಇದೇ.

ಕಾವಲುಗಾರನೇ ಎಡವಿದ ದಿನಗಳೂ ಇವೆ. 2010ರ ಏಪ್ರಿಲ್ 21ರಂದು ಆಂಟಿವೈರಸ್ ಕಂಪನಿ ಮೆಕಾಫಿಯ ಒಂದು ಹೊಸ ಪಟ್ಟಿ ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವೊಂದನ್ನೇ ವೈರಸ್ ಎಂದು ಹಿಡಿದು ಸಾವಿರಾರು ಕಂಪ್ಯೂಟರುಗಳನ್ನು ಕೆಡವಿತು. 2024ರ ಜುಲೈ 19ರ ಶುಕ್ರವಾರ ಬೆಳಿಗ್ಗೆ ಸೈಬರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ದೋಷದ ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ ಮೊದಲ ಟರ್ಮಿನಲ್ಲಿನಲ್ಲಿ ಚೆಕ್ ಇನ್ ವ್ಯವಸ್ಥೆ ಕೈಕೊಟ್ಟು ಸಾಲು ಬೆಳೆಯಿತು. ದೇಶದ ಕೆಲವೆಡೆ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಕಳ್ಳನನ್ನು ಹಿಡಿಯಬೇಕಾದರೆ ಕಾವಲುಗಾರನಿಗೆ ಮನೆಯ ಒಳಕೋಣೆಯ ಕೀಲಿಕೈಯನ್ನೂ ಕೊಡಬೇಕಾಗುತ್ತದೆ. ಒಳಕೋಣೆಯಲ್ಲಿ ಅವನು ಮುಗ್ಗರಿಸಿದರೆ ಇಡೀ ಮನೆ ನಿಲ್ಲುತ್ತದೆ. ಆದ್ದರಿಂದಲೇ ಯಾರೋ ಹೆಸರಿಲ್ಲದವರು ಪುಕ್ಕಟೆ ಕೊಡುವ ಆಂಟಿವೈರಸ್ ಹಾಕಿಕೊಳ್ಳಬಾರದು. 'ನಿಮ್ಮ ಯಂತ್ರದಲ್ಲಿ 14 ವೈರಸ್ ಇವೆ, ಇಲ್ಲಿ ಒತ್ತಿ' ಎಂದು ಬೆದರಿಸಿ ಬರುವುದು ಎಷ್ಟೋ ಸಲ ಸ್ವತಃ ವೈರಸ್ಸೇ. ವಿಂಡೋಸ್ 8ರಿಂದ ಈಚೆಗೆ ಆ ವ್ಯವಸ್ಥೆಯ ಜೊತೆಗೇ ಕಾವಲುಗಾರ ಬರುತ್ತಾನೆ. ಮನೆಬಳಕೆಗೆ, ಎಚ್ಚರವಿಟ್ಟು ಅಪ್‌ಡೇಟ್ ಮಾಡಿಕೊಂಡರೆ, ಅವನು ಸಾಕು ಎಂದೇ ನನ್ನ ಅಭಿಪ್ರಾಯ. ಸೋಂಕು ತಗುಲಿದ ಅನುಮಾನವಿದ್ದವರಿಗೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರ ಫೆಬ್ರುವರಿಯಿಂದ ಉಚಿತ ಶುದ್ಧೀಕರಣ ಸಾಧನಗಳನ್ನು ಕೊಡುತ್ತಿದೆ. ಅದು ಗೊತ್ತಿರುವವರು ಕಡಿಮೆ ಎಂಬುದು ಬೇಸರದ ಸಂಗತಿ.

ಈಗ ಹಾವಳಿ ಮೊಬೈಲಿಗೂ ಹೊರಳಿದೆ. ಕೆ.ಆರ್. ಪುರದಲ್ಲಿರುವ ನನ್ನ ಬಂಧುವೊಬ್ಬರಿಗೆ ವಾಟ್ಸಾಪಿನಲ್ಲಿ ಪರಿಚಿತರ ಸಂಖ್ಯೆಯಿಂದಲೇ ಮದುವೆಯ ಆಮಂತ್ರಣ ಬಂತು. ಚಿತ್ರವೂ ಅಲ್ಲ, ಪಿಡಿಎಫ್ಫೂ ಅಲ್ಲ, ಕಡತದ ಹೆಸರಿನ ಬಾಲದಲ್ಲಿ ಎಪಿಕೆ ಎಂದಿತ್ತು. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಪೊಟ್ಟಣ. ಅವರು ಒತ್ತಿದರು. ಅಪರಿಚಿತ ಮೂಲದಿಂದ ಹಾಕುತ್ತಿದ್ದೀರಿ ಎಂದು ಫೋನು ಎಚ್ಚರಿಸಿತು. ಕರೆದವರು ಬೇಸರ ಮಾಡಿಕೊಂಡಾರು ಎಂದು ಅವರು ಸರಿ ಎಂದರು. ಸಂದೇಶ ಓದಲು ಅನುಮತಿ ಕೇಳಿತು, ಅದಕ್ಕೂ ಸರಿ ಎಂದರು. ಅಲ್ಲಿಂದ ಮುಂದೆ ಬ್ಯಾಂಕಿನ ಓಟಿಪಿ ಮೊದಲು ಹೋದದ್ದು ಕಳ್ಳನ ಕೈಗೆ. ಟ್ರಾಫಿಕ್ ದಂಡದ ಚಲನ್, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲೂ ಇದೇ ಪೊಟ್ಟಣ ಬರುತ್ತದೆ. ಯಾವ ಸರ್ಕಾರವೂ, ಯಾವ ಬ್ಯಾಂಕೂ ವಾಟ್ಸಾಪಿನಲ್ಲಿ ಎಪಿಕೆ ಕಳಿಸುವುದಿಲ್ಲ.

ನಮ್ಮವರು ಮದುವೆಗೆ ಕರೆದರೆ ಹೋಗುವವರು. ಕರೆಯೋಲೆಯನ್ನು ಅರಿಸಿನ ಕುಂಕುಮದ ಜೊತೆ ದೇವರ ಮುಂದಿಡುವವರು. ಆ ನಂಬಿಕೆಯನ್ನೇ ಬಿಲವಾಗಿಸಿಕೊಂಡವರ ಮೇಲೆ ನನಗೆ ಬರುವ ಸಿಟ್ಟನ್ನು ಮುಚ್ಚಿಡಲಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆ ಇನ್ನೊಬ್ಬರ ಕಂಪ್ಯೂಟರಿಗೆ ವೈರಸ್ ಹೊಗಿಸುವುದನ್ನು ಮೂರು ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಅಪರಾಧವೆಂದು ಹೇಳುತ್ತದೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಹುಟ್ಟಿದ್ದೂ 2001ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಹಣ ಹೋಯಿತೆಂದು ಗೊತ್ತಾದ ಕೂಡಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಒಂದೆರಡು ಗಂಟೆಯೊಳಗಾದರೆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನನ್ನ ಬಂಧು ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಆ ಎರಡು ದಿನವೇ ಅವರಿಗೆ ಮುಳುವಾಯಿತು. ಮನೆಯ ಹಿರಿಯರಿಗೆ ಹೀಗಾದರೆ ದಯವಿಟ್ಟು ಗದರಿಸಬೇಡಿ. ಗದರುತ್ತಾರೆಂಬ ಅಂಜಿಕೆಯೇ ಅವರನ್ನು ಸುಮ್ಮನಾಗಿಸುತ್ತದೆ.

ಶನಿವಾರ ಮತ್ತೆ ಆ ಜೆರಾಕ್ಸ್ ಅಂಗಡಿಗೆ ಹೋದೆ. ಶಾರ್ಟ್‌ಕಟ್ ವೈರಸ್ಸಿನ ವಿಷಯ ಹೇಳಿದೆ. ಹುಡುಗನ ಮುಖ ಸಪ್ಪಗಾಯಿತು. ಹೋದ ವರ್ಷ ಒತ್ತೆಹಣದ ವೈರಸ್ ಬಂದು ಮೂರು ವರ್ಷದ ಲಗ್ನಪತ್ರಿಕೆಗಳ ವಿನ್ಯಾಸವೆಲ್ಲ ಹೋಗಿತ್ತೆಂದು ಆಗ ಬಾಯಿಬಿಟ್ಟ. ಬ್ಯಾಕಪ್ ಇರಲಿಲ್ಲ. ಇಬ್ಬರೂ ಕೂತು ವಿಂಡೋಸ್‌ನ ಬಾಕಿ ಅಪ್‌ಡೇಟುಗಳನ್ನು ಹಾಕಿದೆವು, ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಪೂರ್ತಿ ಸ್ಕ್ಯಾನ್ ಮಾಡಿಸಿದಾಗ ಕ್ವಾರಂಟೈನಿಗೆ ಹೋದ ಕಡತಗಳು ಮೂವತ್ತೊಂದು. ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ವಿನ್ಯಾಸಗಳನ್ನೆಲ್ಲ ನಕಲು ಮಾಡಿ, ತಂತಿ ಬಿಚ್ಚಿ ಬೀರುವಿನಲ್ಲಿಡಲು ಹೇಳಿದೆ. ಕಂಪ್ಯೂಟರಿಗೆ ಅಂಟಿಕೊಂಡೇ ಇರುವ ಬ್ಯಾಕಪ್ಪಿಗೂ ಒತ್ತೆಹಣದ ವೈರಸ್ ಬೀಗ ಹಾಕುತ್ತದೆ.

ಅವನ ಚಿಂತೆ ಮಾತ್ರ ಹಾಗೇ ಇತ್ತು. "ಸ್ಕ್ಯಾನ್ ಆಗೋಕೆ ಎರಡು ನಿಮಿಷ ಬೇಕು ಸಾರ್. ಜನ ಪಕ್ಕದ ಅಂಗಡಿಗೆ ಹೋಗ್ಬಿಡ್ತಾರೆ." ಆದರೂ ನಾನು ಹೊರಡುವ ಹೊತ್ತಿಗೆ ಎರಡು ಭಾಷೆಯಲ್ಲಿ ಒಂದು ಹಾಳೆ ಅಚ್ಚು ಮಾಡಿ ಗಾಜಿಗೆ ಅಂಟಿಸಿದ: ಪೆನ್ ಡ್ರೈವ್ ಮೊದಲು ಸ್ಕ್ಯಾನ್, ಆಮೇಲೆ ಪ್ರಿಂಟ್.

ನಿಮ್ಮ ಬೀದಿಯ ಅಂಗಡಿಯಲ್ಲೂ ಅಂಥದೊಂದು ಹಾಳೆ ಕಂಡರೆ ಪಕ್ಕದ ಅಂಗಡಿಗೆ ಹೋಗಬೇಡಿ. ಆ ಎರಡು ನಿಮಿಷ ಕಾಯಿರಿ.